ಬಯಲ್ನಾಡಿನಲ್ಲಿ ಪ್ರಾರ್ಥನೆ: ಹರಕೆಯಿಂದ ಹರಿಚಿತ್ತದವರೆಗೆ

'ಪ್ರಾರ್ಥನೆ' ಎಂಬ ಸಂಸ್ಕೃತ ಶಬ್ದಕ್ಕೆ ಬೇಡುವುದು ಎಂದೇ ಮೂಲಾರ್ಥ. ನಮ್ಮ ಕನ್ನಡದ 'ಹರಕೆ' ಎಂಬ ಮಾತು ಇದಕ್ಕಿಂತ ಸ್ವಾರಸ್ಯವಾದುದು. ಹಿರಿಯರು ಕಿರಿಯರ ತಲೆಯ ಮೇಲೆ ಕೈಯಿಟ್ಟು ಹರಸಿದರೆ ಅದೂ ಹರಕೆ. ಭಕ್ತನು 'ಇದೊಂದನ್ನು ನಡೆಸಿಕೊಡು, ನಿನಗಿದನ್ನು ಒಪ್ಪಿಸುತ್ತೇನೆ' ಎಂದು ದೇವರ ಮುಂದೆ ಹೊತ್ತುಕೊಳ್ಳುವುದೂ ಹರಕೆ. ಮೇಲಿನಿಂದ ಇಳಿಯುವ ಕೃಪೆಗೂ ಕೆಳಗಿನಿಂದ ಏರುವ ಬೇಡಿಕೆಗೂ ಒಂದೇ ಹೆಸರು. ಮನುಷ್ಯನು ತನ್ನ ಇಚ್ಛೆಯನ್ನು ದೇವರ ಮುಂದಿಡುವುದು ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆಗೆ ಆತನ ಇಚ್ಛೆಗೆ ತಲೆಬಾಗಬೇಕು ಎಂಬ ಪ್ರಶ್ನೆ ಈ ಒಂದು ಶಬ್ದದಲ್ಲಿಯೇ ಅಡಗಿ ಕುಳಿತಿದೆ.

ಗಡಿಯಾಚೆಯ ಗುಂಡ್ಲುಪೇಟೆಯ ಕಡೆ ಮೂರು ದಶಕಗಳಿಗೂ ಮೀರಿ ಉಪಾಧ್ಯಾಯನಾಗಿ, ಮುಖ್ಯೋಪಾಧ್ಯಾಯನಾಗಿ ದುಡಿದು, ನಿವೃತ್ತಿಯ ನಂತರ ಮಗಳ ಮನೆಯಿರುವ ಸುಲ್ತಾನ್ ಬತ್ತೇರಿಯಲ್ಲಿ ನೆಲೆಸಿರುವ ನನಗೆ ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದುದಲ್ಲ. 2024ರ ಜುಲೈ 30ರ ನಸುಕಿನ ಮೊದಲೇ ಮೇಪ್ಪಾಡಿಯ ಮೇಲಣ ಬೆಟ್ಟ ಕುಸಿದು, ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳು ಕೆಸರಿನಲ್ಲಿ ಕೊಚ್ಚಿಹೋದವು. 250ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮೃತರಲ್ಲಿ ಕರ್ನಾಟಕ ಮೂಲದವರೂ ಇದ್ದರು. ಆ ದಿನಗಳಲ್ಲಿ ನಾನಾಡಿದ ಒಂದು ಮಾತು, ಅದಕ್ಕೆ ನನಗೆ ದೊರೆತ ಒಂದು ಉತ್ತರ, ಇವೇ ಈ ಲೇಖನಕ್ಕೆ ಕಾರಣ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಈ ನೆಲದ ಹಳೆಯ ಕಥೆಯನ್ನು ನೋಡೋಣ.

ಕನ್ನಡದ ಬಯಲ್ನಾಡು

ಇಂದಿನ ವಯನಾಡು ನಮ್ಮ ಶಾಸನಗಳ 'ಬಯಲ್ನಾಡು'. ಹೊಯ್ಸಳ ವಿಷ್ಣುವರ್ಧನನು ಗೆದ್ದ ನಾಡುಗಳ ಪಟ್ಟಿಯಲ್ಲಿ ಬಯಲ್ನಾಡಿನ ಹೆಸರೂ ಇದೆ. 1980ರ ನವೆಂಬರ್ 1ರಂದು ಇದು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು. ಆ ತಾರೀಖು ನಮ್ಮ ರಾಜ್ಯೋತ್ಸವದ ದಿನವೂ ಹೌದು ಎಂಬುದು ಇಲ್ಲಿನ ಕನ್ನಡಿಗರಿಗೆ ಸಣ್ಣದೊಂದು ಸಂತೋಷ. ಆಡಳಿತದ ಗೆರೆಗಳು ಎಲ್ಲಿ ಹಾದುಹೋದರೂ ಜನರ ಬದುಕು ಆ ಗೆರೆಗಳನ್ನು ದಾಟುತ್ತಲೇ ಬಂದಿದೆ. ಕಾಡಿನ ಕಾಟುನಾಯ್ಕರ ಮಾತು ಕನ್ನಡಕ್ಕೆ ತೀರ ಹತ್ತಿರದ ನುಡಿ. ತಲೆತಲಾಂತರಗಳ ಹಿಂದೆ ಕರ್ನಾಟಕದಿಂದ ಬಂದ ಜೈನ ಗೌಡರ ಮನೆತನಗಳು ಕಲ್ಪೆಟ್ಟ, ಪನಮರಂ, ಮಾನಂದವಾಡಿಗಳ ಸುತ್ತ ಇಂದಿಗೂ ಇವೆ. ಪನಮರದ ಸಮೀಪದ ಪುಂಜವಯಲಿನಲ್ಲಿ ಕಾಡು ಬೆಳೆದ ಎರಡು ಕಲ್ಲಿನ ದೇಗುಲಗಳನ್ನು ಮಲಯಾಳ ಮಾತನಾಡುವ ಜನರೂ 'ವಿಷ್ಣುಗುಡಿ', 'ಜನಾರ್ದನಗುಡಿ' ಎಂದೇ ಕರೆಯುತ್ತಾರೆ. 'ಗುಡಿ' ಎಂಬ ಆ ಎರಡಕ್ಷರ ಯಾವ ಶಾಸನಕ್ಕೂ ಕಡಿಮೆಯಿಲ್ಲದ ಸಾಕ್ಷಿ.

ಬತ್ತೇರಿಯ ಹಳೆಯ ಹೆಸರುಗಳು ಗಣಪತಿವಟ್ಟಂ ಮತ್ತು 'ಹನ್ನೆರಡು ಬೀದಿ'. ಈ ಎರಡನೆಯ ಹೆಸರು ಇಲ್ಲಿದ್ದ ಜೈನ ವಸತಿಯ ನೆನಪು. ಊರ ನಡುವೆ ಹೆದ್ದಾರಿಯ ಪಕ್ಕದಲ್ಲಿ ವಿಜಯನಗರ ಶೈಲಿಯ ಕಲ್ಲಿನ ಬಸದಿಯೊಂದು ನಿಂತಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಇದು ಮದ್ದುಗುಂಡುಗಳ ಕೋಠಿಯಾಯಿತು, ಅದರಿಂದಲೇ ಊರಿಗೆ 'ಸುಲ್ತಾನ್ಸ್ ಬ್ಯಾಟರಿ' ಎಂಬ ಹೆಸರು ಬಂತು, ಅದೇ ಇಂದು ಬತ್ತೇರಿಯಾಗಿದೆ. ಈಗ ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಗರ್ಭಗೃಹದಲ್ಲಿ ಪೂಜಾವಿಗ್ರಹವಿಲ್ಲ. ಗಂಟೆಯಿಲ್ಲ, ಮಂಗಳಾರತಿಯಿಲ್ಲ, ಹರಕೆಯ ಕಾಣಿಕೆಪೆಟ್ಟಿಗೆಯೂ ಇಲ್ಲ. ಸಂಜೆಯ ಹೊತ್ತು ಆ ಮುಖಮಂಟಪದಲ್ಲಿ ಕುಳಿತಾಗಲೆಲ್ಲ, ಬೇಡಿಕೊಳ್ಳಲು ಎದುರಿಗೆ ಯಾರೂ ಇಲ್ಲದ ಸ್ಥಳದಲ್ಲಿ ಮನಸ್ಸು ಏನು ಮಾಡುತ್ತದೆ ಎಂದು ನನ್ನನ್ನು ನಾನೇ ಗಮನಿಸಿದ್ದೇನೆ. ಮೊದಲು ಚಡಪಡಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ.

ಬೇಡದ ಪೂಜೆ

ಈ ಅನುಭವಕ್ಕೆ ಜೈನ ಮತದಲ್ಲಿ ಗಟ್ಟಿಯಾದ ತಾತ್ತ್ವಿಕ ಆಧಾರವಿದೆ. ಕಲ್ಪೆಟ್ಟದ ಬಳಿಯ ಪುಳಿಯಾರ್ಮಲೆಯ ಬಸದಿಯಲ್ಲಿ ಪೂಜೆಗೊಳ್ಳುವ ಅನಂತನಾಥಸ್ವಾಮಿ ಹದಿನಾಲ್ಕನೆಯ ತೀರ್ಥಂಕರ. ತೀರ್ಥಂಕರನು ವೀತರಾಗ, ರಾಗದ್ವೇಷಗಳನ್ನು ಗೆದ್ದವನು. ಸ್ತುತಿಸಿದವನಿಗೆ ಒಲಿದು ಕೊಡುವುದೂ ಇಲ್ಲ, ಮರೆತವನ ಮೇಲೆ ಮುನಿದು ಕಸಿದುಕೊಳ್ಳುವುದೂ ಇಲ್ಲ. ಹಾಗಿದ್ದರೆ ಪೂಜೆಯೇಕೆ? ಆ ಗುಣಗಳು ನಮ್ಮಲ್ಲಿಯೂ ಮೂಡಲಿ ಎಂಬುದಕ್ಕಾಗಿ. ಜೈನರು ದಿನನಿತ್ಯ ಪಠಿಸುವ ಪಂಚನಮಸ್ಕಾರ ಮಂತ್ರದಲ್ಲಿ ವಂದನೆಯಿದೆಯೇ ಹೊರತು ಬೇಡಿಕೆಯ ಒಂದು ಮಾತೂ ಇಲ್ಲ. ವ್ರತವನ್ನಾಚರಿಸಿ ಅದಕ್ಕೆ ಇಂಥದೇ ಫಲ ಬೇಕೆಂದು ಬಯಸುವುದನ್ನು ಅವರು 'ನಿದಾನ' ಎಂದು ಕರೆದು, ಆತ್ಮದಲ್ಲಿ ನೆಟ್ಟ ಮೂರು ಮುಳ್ಳುಗಳಲ್ಲಿ ಒಂದೆಂದು ಎಣಿಸಿದ್ದಾರೆ. ಮಾಯೆ, ಮಿಥ್ಯಾತ್ವಗಳು ಉಳಿದೆರಡು.

ಈ ವಿಚಾರವನ್ನು ಕನ್ನಡಿಗರ ಮನಸ್ಸಿನಲ್ಲಿ ಅಳಿಯದಂತೆ ಕೆತ್ತಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿಚಕ್ರವರ್ತಿ 'ಯಶೋಧರ ಚರಿತೆ'ಯನ್ನು ಮುಗಿಸಿದ್ದು 1209ರಲ್ಲಿ. ನೊಂದ ಮನಸ್ಸಿನ ಯಶೋಧರನು ತಾಯಿ ಚಂದ್ರಮತಿಗೆ ದುಃಸ್ವಪ್ನದ ನೆಪ ಹೇಳುತ್ತಾನೆ. ಶಾಂತಿಗಾಗಿ ದೇವಿಗೆ ಪ್ರಾಣಿಬಲಿ ಕೊಡು ಎಂಬುದು ತಾಯಿಯ ಒತ್ತಾಯ. ಕೊಲ್ಲಲಾರೆ ಎಂಬುದು ಮಗನ ಹಟ. ಕಡೆಗೆ ಇಬ್ಬರೂ ನಡುದಾರಿ ಹಿಡಿದು ಹಿಟ್ಟಿನ ಕೋಳಿಯನ್ನು ಮಾಡಿಸಿ ಕಡಿಯುತ್ತಾರೆ. ಕಡಿದಾಗ ಅದು ಕೂಗಿಬಿಡುತ್ತದೆ! ಅದೊಂದು ಸಂಕಲ್ಪದ ಹಿಂಸೆಗಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ.

ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗ ಅಹಿಂಸೆಯ ಪಾಠವೆಂದೇ ನಾನು ಬಹುಕಾಲ ಹೇಳುತ್ತಿದ್ದೆ. ಇಳಿವಯಸ್ಸಿನಲ್ಲಿ ಅದರ ಇನ್ನೊಂದು ಮಗ್ಗುಲು ಕಾಣುತ್ತಿದೆ. ರಾಜನು ಹಿಟ್ಟಿನ ಕೋಳಿಯನ್ನು ಕೊಟ್ಟು ನಿಜವಾದ ಶಾಂತಿಯನ್ನು ಕೊಳ್ಳಲು ಹೊರಟನು. ಕಡಿಮೆ ಬೆಲೆಗೆ ದೇವರನ್ನು ಒಪ್ಪಿಸಿಬಿಡುವ ಈ ವ್ಯಾಪಾರ ನಮ್ಮೆಲ್ಲರಲ್ಲಿಯೂ ಇದೆ. ಪರೀಕ್ಷೆಯ ದಿನ ತೆಂಗಿನಕಾಯಿ ಹೊತ್ತುಕೊಂಡ ಮಕ್ಕಳನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ. ಒಮ್ಮೆ ಒಬ್ಬ ಹುಡುಗ ಕೇಳಿದ್ದ: "ಒಂದೇ ಬಹುಮಾನಕ್ಕೆ ನಾವಿಬ್ಬರೂ ಹರಕೆ ಹೊತ್ತಿದ್ದೇವೆ ಸಾರ್, ದೇವರು ಯಾರ ಕಡೆ?" ಅಂದು ನಕ್ಕು ಕಳುಹಿಸಿದೆ. ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ಸೇವಾವಧಿಯಲ್ಲಿ ಯಾರೂ ಕೇಳಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ಹರಿಚಿತ್ತ

ಬತ್ತೇರಿಯ ಬಸದಿಯ ಕಂಬಗಳಲ್ಲಿ ಕಾಣುವ ವಿಜಯನಗರದ ಸಂಸ್ಕೃತಿಯೇ ಹಂಪೆಯಲ್ಲಿ ಬೇರೊಂದು ಉತ್ತರವನ್ನು ಕಂಡುಕೊಂಡಿತು. ವ್ಯಾಸರಾಯರ ಶಿಷ್ಯರಾದ ಪುರಂದರದಾಸರು 1564ರಲ್ಲಿ ದೇಹಬಿಟ್ಟರು. ದಾಸರಾಗುವ ಮೊದಲು ಅವರು ದೊಡ್ಡ ವರ್ತಕರಾಗಿದ್ದರೆಂಬುದು ಸಂಪ್ರದಾಯದ ಮಾತು. ಕೊಡುಕೊಳ್ಳುವ ಲೆಕ್ಕವನ್ನು ಅವರಷ್ಟು ಬಲ್ಲವರು ಬೇರೆ ಯಾರಿದ್ದರು? ಅಂಥವರೇ ಆ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು, ನಡೆಯುವುದು ಹರಿಯ ಚಿತ್ತವೇ ಹೊರತು ನರರ ಚಿತ್ತವಲ್ಲ ಎಂಬ ಭಾವದ ಕೀರ್ತನೆಯನ್ನು ಹಾಡಿದರು. ಮಧ್ವಮತದಲ್ಲಿ ದೇವರೊಬ್ಬನೇ ಸ್ವತಂತ್ರ, ಜೀವನು ಪರತಂತ್ರ. ಆ ಶಾಸ್ತ್ರದ ತತ್ತ್ವವು ದಾಸರ ಬಾಯಲ್ಲಿ ಹಳ್ಳಿಯ ಮುದುಕಿಗೂ ತಿಳಿಯುವ ಮಾತಾಯಿತು. ಇಂದಿಗೂ ನಮ್ಮ ಹಿರಿಯರು ಏನಾದರೂ ಕೈಮೀರಿದಾಗ 'ಹರಿಚಿತ್ತ' ಎಂದು ನಿಟ್ಟುಸಿರಿಡುತ್ತಾರೆ. ಇದಕ್ಕೂ ಮೊದಲು, ಹನ್ನೆರಡನೆಯ ಶತಮಾನದ ಶರಣರು ಬಂದುದೆಲ್ಲವನ್ನೂ ಪ್ರಸಾದವೆಂದು ಸ್ವೀಕರಿಸುವ ನಿಲುವನ್ನು ಬದುಕಿ ತೋರಿಸಿದ್ದರು. ಮುಂದೆ ಬೈಬಲ್ಲನ್ನು ಕನ್ನಡಕ್ಕೆ ತಂದವರೂ ದೇವರ ಇಚ್ಛೆಗೆ ಇದೇ 'ಚಿತ್ತ' ಎಂಬ ಶಬ್ದವನ್ನು ಆರಿಸಿಕೊಂಡರು. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು, ಸಾಧ್ಯವಾದರೆ ಈ ಕಷ್ಟ ತಪ್ಪಲೆಂದು ಬೇಡಿ, ಆದರೂ ತನ್ನ ಚಿತ್ತದಂತಲ್ಲ, ತಂದೆಯ ಚಿತ್ತದಂತೆ ಆಗಲೆಂದು ಮುಗಿಸಿದ ಪ್ರಸಂಗ ಎಲ್ಲರಿಗೂ ತಿಳಿದುದೇ. ಬೇಡುವುದನ್ನು ಅದು ನಿಷೇಧಿಸುವುದಿಲ್ಲ. ಬೇಡಿದ ಮೇಲೆ ಕೈಬಿಡುವುದನ್ನು ಕಲಿಸುತ್ತದೆ.

ಜೈನರ ಉತ್ತರವೂ ದಾಸರ ಉತ್ತರವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದರಲ್ಲಿ ಇಚ್ಛಿಸುವ ಈಶ್ವರನೇ ಇಲ್ಲ. ಇನ್ನೊಂದರಲ್ಲಿ ಈಶ್ವರನ ಇಚ್ಛೆಯೇ ಎಲ್ಲ. ಆದರೆ ಎರಡೂ ದಾರಿಗಳು ಒಂದು ಬಾಗಿಲಿಗೆ ಬಂದು ಸೇರುತ್ತವೆ. 'ನನಗೆ ಬೇಕು' ಎಂಬುದನ್ನು ಹೊಸ್ತಿಲಾಚೆಗೆ ಇಟ್ಟು ಒಳಗೆ ಬಾ ಎಂದು ಎರಡೂ ಹೇಳುತ್ತವೆ.

ವಯನಾಡಿನ ತಿರುನೆಲ್ಲಿಯಲ್ಲಿ ಈ ಮಾತು ಆಚರಣೆಯಾಗಿಯೇ ಉಳಿದಿದೆ. ಬ್ರಹ್ಮಗಿರಿಯ ಮಡಿಲಿನ ಈ ವಿಷ್ಣುಕ್ಷೇತ್ರಕ್ಕೆ ಕುಟ್ಟ, ತೋಲ್ಪೆಟ್ಟಿಗಳ ದಾರಿಯಾಗಿ ಕೊಡವರೂ ಕನ್ನಡಿಗರೂ ತಲೆತಲಾಂತರದಿಂದ ಬರುತ್ತಿದ್ದಾರೆ. ಬೆಟ್ಟದ ನೀರನ್ನು ಕಲ್ಲುಕಂಬಗಳ ಮೇಲಿನ ಕಲ್ಲುದೋಣಿಗಳ ಮೂಲಕ ದೇವಾಲಯಕ್ಕೆ ಹರಿಸಿಕೊಂಡ ವ್ಯವಸ್ಥೆಯನ್ನು ಅಲ್ಲಿ ನೋಡಿಯೇ ತಿಳಿಯಬೇಕು. ಆದರೆ ಹೆಚ್ಚಿನವರು ಬರುವುದು ಪಾಪನಾಶಿನಿಯಲ್ಲಿ ತಮ್ಮ ಹಿರಿಯರಿಗೆ ಎಳ್ಳುನೀರು ಬಿಡುವುದಕ್ಕೆ. ತರ್ಪಣದಲ್ಲಿ ಬೇಡುವಂಥದು ಬಹಳವೇನೂ ಇಲ್ಲ. ಹೋದವರು ಹಿಂದಿರುಗಲಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಂಗೈಯಲ್ಲಿ ಹಿಡಿದ ನೀರನ್ನು ಬೆರಳ ಸಂದಿಯಿಂದ ಬಿಟ್ಟುಬಿಡುವುದಷ್ಟೇ ಕ್ರಿಯೆ. ನನ್ನ ತಂದೆಯವರಿಗಾಗಿ ನಾನೂ ಅಲ್ಲಿ ನಿಂತಿದ್ದೇನೆ. ಜುಲೈ ತಿಂಗಳ ಕೊರೆಯುವ ನೀರಿನಲ್ಲಿ ಕಾಲು ಮರಗಟ್ಟಿದ್ದರೂ, ಬಿಟ್ಟುಕೊಡುವುದೆಂದರೇನು ಎಂಬುದು ಅಂದು ಕೈಗೆ ಅರ್ಥವಾಯಿತು.

1934ರ ಒಂದು ಎಚ್ಚರಿಕೆ

ಇಲ್ಲಿಯವರೆಗೆ ಹೇಳಿದುದು ಸುಲಭವಾದ ಭಾಗ. ದೇವರ ಚಿತ್ತಕ್ಕೆ ತಲೆಬಾಗಬೇಕೆಂದು ಒಪ್ಪಿಕೊಂಡ ಮೇಲೆ ಹುಟ್ಟುವ ತೊಡಕು ದೊಡ್ಡದು. ಆ ಚಿತ್ತವೇನೆಂದು ತಿಳಿದವರು ಯಾರು? ಇದಕ್ಕೂ ವಯನಾಡಿಗೂ ಒಂದು ವಿಚಿತ್ರ ನಂಟಿದೆ.

ಹರಿಜನ ನಿಧಿಗಾಗಿ ದೇಶ ಸುತ್ತುತ್ತಿದ್ದ ಗಾಂಧೀಜಿಯವರು 1934ರ ಜನವರಿ 14ರಂದು ಕಲ್ಪೆಟ್ಟಕ್ಕೆ ಬಂದಿದ್ದರು. ಪುಳಿಯಾರ್ಮಲೆಯ ಜೈನ ಸಮುದಾಯ ಇಂದಿಗೂ ಆ ಭೇಟಿಯನ್ನು ಹೆಮ್ಮೆಯಿಂದ ನೆನೆಯುತ್ತದೆ. ಮರುದಿನ, ಜನವರಿ 15ರ ಮಧ್ಯಾಹ್ನ, ಬಿಹಾರ ಮತ್ತು ನೇಪಾಳಗಳಲ್ಲಿ ಭೀಕರ ಭೂಕಂಪವಾಗಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ತಮ್ಮ ಪ್ರವಾಸವನ್ನು ಮುಂದುವರಿಸಿದ ಗಾಂಧೀಜಿಯವರು ಜನವರಿ 24ರಂದು ತಿರುನಲ್ವೇಲಿಯಲ್ಲಿ, ಈ ಭೂಕಂಪವು ಅಸ್ಪೃಶ್ಯತೆಯ ಪಾಪಕ್ಕಾಗಿ ದೇವರು ನಮಗೆ ಕೊಟ್ಟ ಶಿಕ್ಷೆ ಎಂಬ ಅರ್ಥದಲ್ಲಿ ಮಾತನಾಡಿದರು.

ಇದನ್ನು ಓದಿದ ರವೀಂದ್ರನಾಥ ಠಾಕೂರರು ನೊಂದುಕೊಂಡರು. ಭೌತಿಕ ಅನಾಹುತಗಳಿಗೆ ಭೌತಿಕ ಕಾರಣಗಳೇ ಇರುತ್ತವೆ, ಮನುಷ್ಯರ ನೀತಿಗೂ ಭೂಮಿಯ ಕಂಪನಕ್ಕೂ ಗಂಟುಹಾಕುವುದು ಜನರ ಅವಿಚಾರವನ್ನು ಬೆಳೆಸುತ್ತದೆ ಎಂಬುದು ಅವರ ಆಕ್ಷೇಪ. ಗಾಂಧೀಜಿಯವರ ದೊಡ್ಡತನವೆಂದರೆ, ಆ ಖಂಡನೆಯನ್ನು ತಮ್ಮದೇ ಪತ್ರಿಕೆಯಾದ 'ಹರಿಜನ'ದ ಫೆಬ್ರವರಿ 16ರ ಸಂಚಿಕೆಯಲ್ಲಿ ಪ್ರಕಟಿಸಿ, ಜೊತೆಗೆ ತಮ್ಮ ಉತ್ತರವನ್ನೂ ಕೊಟ್ಟರು. ತಮ್ಮ ನಂಬಿಕೆಯನ್ನು ಅವರು ಬಿಟ್ಟುಕೊಡಲಿಲ್ಲ. ಅದನ್ನು ಸಾಧಿಸಿ ತೋರಿಸಬಲ್ಲೆನೆಂದೂ ಹೇಳಲಿಲ್ಲ. ಅದೇ ಫೆಬ್ರವರಿಯಲ್ಲಿ ಅವರು ನಮ್ಮ ಕೊಡಗಿಗೂ ಬಂದರು. ಮಾರ್ಚಿಯಲ್ಲಿ ಬಿಹಾರಕ್ಕೆ ಹೋಗಿ ಭೂಕಂಪ ಪೀಡಿತರ ನಡುವೆ ತಿರುಗಿದರು.

ಈ ವಾದವನ್ನು ವಿದ್ಯಾರ್ಥಿದೆಸೆಯಲ್ಲಿ ಓದಿದಾಗ ನಾನು ಗಾಂಧೀಜಿಯವರ ಪಕ್ಷ. ಇಂದು ನನಗೆ ಹೀಗೆ ತೋರುತ್ತದೆ: ಗಾಂಧೀಜಿ ಆ ಶಿಕ್ಷೆಯನ್ನು ತಮ್ಮನ್ನೂ ಸೇರಿಸಿಕೊಂಡು, ತಮ್ಮ ಸಮಾಜದ ಮೇಲೆ ಹೊತ್ತುಕೊಂಡು ಹೇಳಿದರು. ಅಷ್ಟರಮಟ್ಟಿಗೆ ಅದು ಪಶ್ಚಾತ್ತಾಪದ ಮಾತು. ಆದರೆ ಸತ್ತವರು ಬಿಹಾರದವರು; ಮನೆ ಕಳೆದುಕೊಂಡವರಲ್ಲಿ ಅಸ್ಪೃಶ್ಯತೆಯನ್ನು ಅನುಭವಿಸಿದವರೂ ಇದ್ದರು. ಇನ್ನೊಬ್ಬರ ಸಾವಿನ ಮೇಲೆ ದೇವರ ಚಿತ್ತವನ್ನು ಓದುವ ಅಧಿಕಾರ ಮಹಾತ್ಮರಿಗೂ ಇರಲಿಲ್ಲ ಎಂಬಲ್ಲಿ ಠಾಕೂರರು ಸರಿ.

ನನಗೆ ದೊರೆತ ಉತ್ತರ

ಇದನ್ನು ನಾನು ಕಲಿತದ್ದು ಪತ್ರಿಕೆಯ ಕಡತದಿಂದಲ್ಲ. ಭೂಕುಸಿತವಾದ ವಾರದಲ್ಲಿ ಮೇಪ್ಪಾಡಿಯ ಪರಿಹಾರ ಶಿಬಿರವೊಂದಕ್ಕೆ ನಾವು ಕೆಲವರು ಬಟ್ಟೆಬರೆ ತೆಗೆದುಕೊಂಡು ಹೋಗಿದ್ದೆವು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಚಹಾತೋಟದ ಕೆಲಸಕ್ಕೆಂದು ಗಂಡನೊಡನೆ ಬಂದು ಇಲ್ಲಿಯೇ ನಿಂತವಳು. ಮನೆಯವರಲ್ಲಿ ಇಬ್ಬರು ಕಾಣೆಯಾಗಿದ್ದರು. ಏನು ಹೇಳಬೇಕೆಂದು ತೋಚದೆ, ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದ ಮಾತನ್ನೇ ಆಡಿಬಿಟ್ಟೆ: "ಎಲ್ಲಾ ದೇವರ ಚಿತ್ತ ಕಣಮ್ಮ." ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿ, "ಆ ಮಾತ ನಾನು ಹೇಳ್ಕಬೇಕು ಮೇಷ್ಟ್ರೇ, ನೀವು ಹೇಳ್ಬಾರ್ದು" ಎಂದಳು.

ನಾನು ತಲೆತಗ್ಗಿಸಿದೆ. ಎಪ್ಪತ್ತು ದಾಟಿದವನಿಗೆ ಶಿಷ್ಯೆ ಕಲಿಸಿದ ಪಾಠವದು. 'ನಿನ್ನ ಚಿತ್ತದಂತೆ ಆಗಲಿ' ಎಂಬುದು ಉತ್ತಮಪುರುಷದಲ್ಲಿ ಮಾತ್ರ ಆಡಬಹುದಾದ ಮಾತು. ನನ್ನ ದುಃಖದಲ್ಲಿ ನಾನು ಹೇಳಿಕೊಂಡರೆ ಅದು ಭಕ್ತಿ. ಇನ್ನೊಬ್ಬರ ದುಃಖದ ಮುಂದೆ ನಿಂತು ಹೇಳಿದರೆ ಅದು ಅಹಂಕಾರ. ಕೆಲವೊಮ್ಮೆ ಹೊಣೆಯಿಂದ ಜಾರಿಕೊಳ್ಳುವ ಉಪಾಯವೂ ಹೌದು. ಏಕೆಂದರೆ ಆ ಬೆಟ್ಟ ಕುಸಿದುದಕ್ಕೆ ಹುಡುಕಿ ನೋಡಬೇಕಾದ ಕಾರಣಗಳಿದ್ದವು. 48 ಗಂಟೆಗಳಲ್ಲಿ ಅಲ್ಲಿ 572 ಮಿಲಿಮೀಟರ್ ಮಳೆ ಸುರಿದಿತ್ತು. 1984ರಲ್ಲಿ ಮುಂಡಕ್ಕೈಯಲ್ಲಿಯೇ ಭೂಕುಸಿತವಾಗಿತ್ತು. 2019ರ ಆಗಸ್ಟ್ 8ರಂದು ನೆರೆಯ ಪುತ್ತುಮಲೆ ಕುಸಿದು 17 ಜನ ಸತ್ತಿದ್ದರು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿಯೇ ವೈತ್ತಿರಿ ತಾಲ್ಲೂಕನ್ನು ಅತಿ ಸೂಕ್ಷ್ಮ ವಲಯದಲ್ಲಿ ಸೇರಿಸಿತ್ತು. ಇವೆಲ್ಲವನ್ನೂ ಬದಿಗೊತ್ತಿ ಹರಿಚಿತ್ತವೆಂದು ಕೈಮುಗಿದರೆ, ಅದು ಪುರಂದರದಾಸರು ಹೇಳಿದ ಶರಣಾಗತಿಯಲ್ಲ. ಯಶೋಧರನ ಹಿಟ್ಟಿನ ಕೋಳಿಯ ಇನ್ನೊಂದು ರೂಪ.

ಹಾಗಾದರೆ ಆ ವಾರ ದೇವರ ಚಿತ್ತ ಎಲ್ಲಿತ್ತು ಎಂದು ಕೇಳಿದರೆ, ನಾನು ಕಣ್ಣಾರೆ ಕಂಡುದನ್ನೂ ಎಲ್ಲರೂ ಬಲ್ಲದ್ದನ್ನೂ ಮಾತ್ರ ಹೇಳಬಲ್ಲೆ. ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಯೋಧರು ಹಗಲಿರುಳೆನ್ನದೆ ದುಡಿದು, ಆಗಸ್ಟ್ 1ರ ಸಂಜೆಗೆ ಚೂರಲ್‌ಮಲೆಯ ಹೊಳೆಯ ಮೇಲೆ 190 ಅಡಿಗಳ ಬೈಲಿ ಸೇತುವೆಯನ್ನು ಕಟ್ಟಿ ಮುಗಿಸಿದರು. ಕರ್ನಾಟಕ ಸರ್ಕಾರ ಸಂತ್ರಸ್ತರಿಗೆ 100 ಮನೆಗಳನ್ನು ಕಟ್ಟಿಕೊಡುವುದಾಗಿ ಘೋಷಿಸಿತು. ಹೊಳೆದಂಡೆಯ ವೆಳ್ಳಾರ್‌ಮಲೆ ಸರ್ಕಾರಿ ಶಾಲೆ ಹಾಳಾಗಿ ಎಷ್ಟೋ ಮಕ್ಕಳನ್ನು ಕಳೆದುಕೊಂಡಿತು. ಉಳಿದ ಮಕ್ಕಳಿಗೆ ಸೆಪ್ಟೆಂಬರಿನಲ್ಲಿ ಮೇಪ್ಪಾಡಿಯಲ್ಲಿ ಮತ್ತೆ ಪಾಠ ಆರಂಭವಾಯಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬರೆದ ಆ ಶಾಲೆಯ ಮಕ್ಕಳೆಲ್ಲರೂ ತೇರ್ಗಡೆಯಾದರು. ಈ ಸುದ್ದಿಯನ್ನು ಓದಿದ ದಿನ, ನಿವೃತ್ತ ಮೇಷ್ಟ್ರಾದ ನನಗೆ ಕಣ್ಣು ತುಂಬಿ ಬಂತು.

ಕೊನೆಯದಾಗಿ ಪುತ್ತುಮಲೆಯ ಮಾತು. ಗುರುತು ಸಿಗದ ದೇಹಗಳನ್ನೂ ದೇಹದ ಭಾಗಗಳನ್ನೂ ಅಲ್ಲಿ ಸಾಲಾಗಿ ಮಣ್ಣುಮಾಡಿದರು. ಕಲ್ಲುಗಳ ಮೇಲೆ ಹೆಸರಿಗೆ ಬದಲು ಸಂಖ್ಯೆಗಳನ್ನು ಬರೆದರು. ಸತ್ತವರು ಯಾವ ಮತದವರೆಂದು ತಿಳಿಯದ ಕಾರಣ ಎಲ್ಲ ಮತಗಳವರೂ ಅಲ್ಲಿ ನಿಂತು, ಪ್ರತಿಯೊಬ್ಬರಿಗಾಗಿಯೂ ಪ್ರಾರ್ಥಿಸಿದರು. ಆ ಪ್ರಾರ್ಥನೆಯಲ್ಲಿ ತನಗಾಗಿ ಬೇಡುವವರು ಯಾರೂ ಇರಲಿಲ್ಲ. ಯಾರಿಗಾಗಿ ಬೇಡುತ್ತಿದ್ದೇವೆಂದೂ ತಿಳಿದಿರಲಿಲ್ಲ. ನಂತರ ಒಂದು ದಿನ ನಾನೂ ಅಲ್ಲಿಗೆ ಹೋಗಿ, ಒಂದು ಸಂಖ್ಯೆಯ ಮುಂದೆ ಬಹಳ ಹೊತ್ತು ನಿಂತೆ. ತುಟಿಗೆ ಯಾವ ಹರಕೆಯೂ ಬರಲಿಲ್ಲ. ಬತ್ತೇರಿಯ ಬರಿದಾದ ಗರ್ಭಗೃಹದ ಮುಂದೆ ಕುಳಿತಾಗ ಆಗುವಂತೆ ಮನಸ್ಸು ಸುಮ್ಮನಾಯಿತು. ಸಮಾಧಿಯ ಮೇಲೆ ಬಿದ್ದಿದ್ದ ಒಣಗಿದ ಎಲೆಗಳನ್ನು ಆಯ್ದು ಬದಿಗೆ ಹಾಕಿ, ಕೈಮುಗಿದು ಹಿಂದಿರುಗಿದೆ.